ಪ್ರೊಟೀನಿಗೆ ಅಕ್ಷರ ಕೊಟ್ಟವರು: ಮಾರ್ಗರೆಟ್ ಡೇಹಾಫ್

ಪ್ರೊಟೀನ್ ಎಂದೊಡನೆ ನಮಗೆ ನೆನಪಾಗುವುದು ಹೆಸರುಕಾಳು, ತೊಗರಿಬೇಳೆ, ಮಕ್ಕಳ ಹಾಲಿಗೆ ಬೆರೆಸುವ ಪುಡಿ. ಆದರೆ ನನ್ನಂಥ ಸಾಫ್ಟ್‌ವೇರ್‌ನವರ ಕಣ್ಣಿಗೆ ಪ್ರೊಟೀನ್ ಎಂದರೆ ಒಂದು ಉದ್ದನೆಯ ಪದ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಮಣಿಸರದಂತೆ ಒಂದರ ಹಿಂದೆ ಒಂದು ಪೋಣಿಸಿಕೊಂಡು ಪ್ರೊಟೀನ್ ಆಗುತ್ತದೆ. ಒಂದೊಂದು ಮಣಿಗೂ ಒಂದೊಂದು ಇಂಗ್ಲಿಷ್ ಅಕ್ಷರ ಕೊಟ್ಟುಬಿಟ್ಟರೆ ಇಡೀ ಪ್ರೊಟೀನನ್ನು ಒಂದು ಸಾಲಿನಲ್ಲಿ ಬರೆಯಬಹುದು. ಆ ಸಾಲಿನಲ್ಲಿ ಒಂದು ವಿನ್ಯಾಸ, ಅಂದರೆ ಮೋಟಿಫ್, ಎಲ್ಲಿದೆ ಎಂದು ಕಂಪ್ಯೂಟರ್‌ನಲ್ಲಿ ಹುಡುಕಬಹುದು. ನಮ್ಮ ಕಸೂತಿ ಸೀರೆಯಲ್ಲಿ ಬಣ್ಣ ಯಾವುದೇ ಇರಲಿ, ದಾರ ಯಾವುದೇ ಇರಲಿ, ಗೋಪುರವನ್ನು ಗೋಪುರ ಎಂದು, ತೇರನ್ನು ತೇರು ಎಂದು ಗುರುತಿಸುತ್ತೇವಲ್ಲ, ಹಾಗೆ.

ಇಂದು ಈ ಹುಡುಕಾಟ ಕೆಲವು ಸೆಕೆಂಡುಗಳ ಕೆಲಸ. ಆದರೆ ಹುಡುಕಬೇಕಾದರೆ ಮೊದಲು ಅಕ್ಷರಗಳಿರಬೇಕು, ಆ ಅಕ್ಷರಗಳಲ್ಲಿ ಬರೆದ ಸಾಲುಗಳೆಲ್ಲ ಒಂದು ಕಡೆ ಸಂಗ್ರಹವಾಗಿರಬೇಕು, ಎರಡು ಸಾಲು ಎಷ್ಟು ಹತ್ತಿರ ಎಂದು ಅಳೆಯುವ ಕೋಲು ಬೇಕು. ಈ ಮೂರನ್ನೂ ಕೊಟ್ಟ ಹೆಣ್ಣುಮಗಳು ಮಾರ್ಗರೆಟ್ ಓಕ್ಲಿ ಡೇಹಾಫ್. ಎಂ.ಟೆಕ್. ಓದುವಾಗ ಸ್ಟ್ರಿಂಗ್ ಮ್ಯಾಚಿಂಗ್ ಪಾಠದಲ್ಲಿ ಅವರು ಮಾಡಿದ ಕೋಷ್ಟಕದ ಹೆಸರು ಬಂದಿತ್ತು. ಅದರ ಹಿಂದೆ ಒಬ್ಬ ಹೆಂಗಸು ಇದ್ದಾರೆಂದು ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೇ ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಗೆ ಅವರ ಕಥೆಯನ್ನೇ ಆರಿಸಿಕೊಂಡೆ.

ಮಾರ್ಗರೆಟ್ ಹುಟ್ಟಿದ್ದು 1925ರ ಮಾರ್ಚ್ 11ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ತಾಯಿಗೆ ಒಬ್ಬಳೇ ಮಗಳು. ತಂದೆಯದು ಸಣ್ಣ ವ್ಯಾಪಾರ, ತಾಯಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಮಗಳಿಗೆ ಹತ್ತು ವರ್ಷವಾದಾಗ ಮನೆಯವರು ನ್ಯೂಯಾರ್ಕಿಗೆ ಬಂದರು. ಶಾಲೆಯಲ್ಲಿ ಎಲ್ಲರಿಗಿಂತ ಮೊದಲು, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ, 1945ರಲ್ಲಿ ಗಣಿತದಲ್ಲಿ ಉನ್ನತ ದರ್ಜೆಯ ಪದವಿ. ಇಷ್ಟರವರೆಗೆ ಜಾಣ ಹುಡುಗಿಯ ಎಲ್ಲರಿಗೂ ಗೊತ್ತಿರುವ ಕಥೆ.

ತಿರುವು ಬಂದದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಗಣಿತ ಓದಿದವರು ಡಾಕ್ಟರೇಟಿಗೆ ಹಿಡಿದದ್ದು ರಸಾಯನಶಾಸ್ತ್ರ. ಅದರಲ್ಲೂ ಕ್ವಾಂಟಂ ರಸಾಯನಶಾಸ್ತ್ರ. ಮಾರ್ಗದರ್ಶಕರು ಜಾರ್ಜ್ ಕಿಂಬಲ್. ಹಲವು ಉಂಗುರಗಳುಳ್ಳ ಸಾವಯವ ಅಣುಗಳ ಶಕ್ತಿಯನ್ನು ಲೆಕ್ಕ ಹಾಕಬೇಕಿತ್ತು, ಲೆಕ್ಕವೋ ಕೈಯಲ್ಲಿ ಮಾಡಿ ಮುಗಿಯುವಂಥದ್ದಲ್ಲ. ಆಗ ಕಂಪನಿಗಳು ಸಂಬಳದ ಲೆಕ್ಕ, ಸರಕಿನ ಲೆಕ್ಕ ಮಾಡಲು ಪಂಚ್ ಕಾರ್ಡ್ ಯಂತ್ರಗಳನ್ನು ಇಟ್ಟುಕೊಂಡಿದ್ದವು. ಗಟ್ಟಿ ಕಾಗದದಲ್ಲಿ ತೂತು ಕೊರೆದು ಅಂಕಿ ದಾಖಲಿಸುವ, ಆ ತೂತುಗಳನ್ನು ಓದಿ ಕೂಡಿ ಕಳೆಯುವ ಯಂತ್ರಗಳು. ಗುಮಾಸ್ತರ ಆ ಯಂತ್ರಕ್ಕೆ ಮಾರ್ಗರೆಟ್ ಅಣುಗಳ ಲೆಕ್ಕ ಉಣಿಸಿದರು. ಅದರ ಫಲವಾಗಿ ಕೊಲಂಬಿಯಾದಲ್ಲಿದ್ದ ಐಬಿಎಂ ಕಂಪನಿಯ ವಾಟ್ಸನ್ ಪ್ರಯೋಗಾಲಯದ ಫೆಲೋಷಿಪ್ ಸಿಕ್ಕಿತು, ಆ ಕಾಲದ ಅತ್ಯುತ್ತಮ ಯಂತ್ರಗಳು ಕೈಗೆ ಬಂದವು. 1948ರಲ್ಲಿ ಡಾಕ್ಟರೇಟ್ ಮುಗಿಯಿತು. ಒಂದು ಕೆಲಸಕ್ಕೆಂದು ಮಾಡಿದ ಯಂತ್ರವನ್ನು ಯಾರೂ ಯೋಚಿಸದ ಇನ್ನೊಂದು ಕೆಲಸಕ್ಕೆ ಹಚ್ಚುವ ಬುದ್ಧಿ ಅವರಿಗೆ ಆಗಲೇ ಇತ್ತು.

ಅದೇ ವರ್ಷ ಭೌತವಿಜ್ಞಾನಿ ಎಡ್ವರ್ಡ್ ಡೇಹಾಫ್ ಜೊತೆ ಮದುವೆ. ಮೂರು ವರ್ಷ ರಾಕೆಫೆಲ್ಲರ್ ಸಂಸ್ಥೆಯಲ್ಲಿ ಸಂಶೋಧನೆ. 1952ರಲ್ಲಿ ಸಂಸಾರ ಮೇರಿಲ್ಯಾಂಡಿಗೆ ಬಂತು. ರೂತ್ ಮತ್ತು ಜೂಡಿತ್ ಎಂಬ ಇಬ್ಬರು ಹೆಣ್ಣುಮಕ್ಕಳು. ಕೆಲವು ವರ್ಷ ಮಾರ್ಗರೆಟ್ ಪ್ರಯೋಗಾಲಯ ಬಿಟ್ಟು ಮನೆಯಲ್ಲಿದ್ದರು. ನಮ್ಮ ವೇದಿಕೆಯಲ್ಲಿ ಇದನ್ನು ಓದುತ್ತಿರುವ ಅರ್ಧದಷ್ಟು ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡನ ಕೆಲಸದ ಊರಿಗೆ ಬಂದು, ಮಕ್ಕಳು ಶಾಲೆಗೆ ಹೋಗುವಷ್ಟಾಗುವ ಹೊತ್ತಿಗೆ ತಾನು ಕಲಿತದ್ದೆಲ್ಲ ಹಳತಾಯಿತೇನೋ ಎಂಬ ಅಳುಕು ನಮಗೆಲ್ಲ ಗೊತ್ತು. 1957ರಲ್ಲಿ ಅವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮತ್ತೆ ಕೆಲಸ ಶುರುಮಾಡಿದರು, ಎರಡು ವರ್ಷ ರಾಸಾಯನಿಕ ಬಂಧದ ಮೇಲೆ ದುಡಿದರು. 1960ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ಸೇರಿದ್ದು ರಾಬರ್ಟ್ ಲೆಡ್ಲಿ ಸ್ಥಾಪಿಸಿದ್ದ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಶನ್ ಎಂಬ ಸಣ್ಣ ಸಂಸ್ಥೆಯನ್ನು. ಲೆಡ್ಲಿ ದಂತವೈದ್ಯ ಓದಿ, ಆಮೇಲೆ ಭೌತಶಾಸ್ತ್ರ ಓದಿ, ವೈದ್ಯಕ್ಕೂ ಜೀವಶಾಸ್ತ್ರಕ್ಕೂ ಕಂಪ್ಯೂಟರ್ ತರಬೇಕೆಂದು ಹಟ ತೊಟ್ಟಿದ್ದ ವಿಚಿತ್ರ ಮನುಷ್ಯ. ಇವರಿಬ್ಬರ ಜೋಡಿ ಚೆನ್ನಾಗಿ ಕೂಡಿಬಂತು. ಮಾರ್ಗರೆಟ್ ಆ ಸಂಸ್ಥೆಯ ಸಹ ನಿರ್ದೇಶಕಿಯಾದರು.

ಆಗಿನ ಪರಿಸ್ಥಿತಿ ನೋಡಿ. ಇನ್ಸುಲಿನ್ ಪ್ರೊಟೀನಿನ 51 ಅಮೈನೋ ಆಮ್ಲಗಳ ಕ್ರಮವನ್ನು ಕಂಡುಹಿಡಿಯಲು ಫ್ರೆಡರಿಕ್ ಸ್ಯಾಂಗರ್ ಅವರಿಗೆ ವರ್ಷಗಟ್ಟಲೆ ಬೇಕಾಗಿತ್ತು, ಅದಕ್ಕೆ 1958ರಲ್ಲಿ ನೊಬೆಲ್ ಬಂದಿತ್ತು. ಪ್ರೊಟೀನಿನ ಸರವನ್ನು ಒಂದೇ ಸಲ ಓದಲು ಆಗುವುದಿಲ್ಲ. ಅದನ್ನು ರಾಸಾಯನಿಕಗಳಿಂದ ತುಂಡರಿಸಬೇಕು, ಒಂದೊಂದು ತುಂಡನ್ನೂ ಓದಬೇಕು, ಇನ್ನೊಂದು ರೀತಿಯಲ್ಲಿ ತುಂಡರಿಸಿ ಮತ್ತೆ ಓದಬೇಕು, ಆಮೇಲೆ ಯಾವ ತುಂಡಿನ ಬಾಲ ಯಾವ ತುಂಡಿನ ತಲೆಯ ಜೊತೆ ಹೊಂದುತ್ತದೆ ಎಂದು ಕೂತು ಜೋಡಿಸಬೇಕು. ಒಂದೇ ಪತ್ರದ ಹಲವು ಪ್ರತಿಗಳನ್ನು ಬೇರೆ ಬೇರೆ ಕಡೆ ಹರಿದು ಚೂರುಗಳನ್ನು ಬೆರೆಸಿ ಕೊಟ್ಟರೆ ಮೂಲ ಪತ್ರವನ್ನು ಹೇಗೆ ಕೂಡಿಸುತ್ತೀರಿ? ಅದೇ ಸಮಸ್ಯೆ.

ಇದು ರಸಾಯನಶಾಸ್ತ್ರದ ಕೆಲಸವಲ್ಲ, ತರ್ಕದ ಕೆಲಸ ಎಂದು ಮಾರ್ಗರೆಟ್ ಮತ್ತು ಲೆಡ್ಲಿ ಕಂಡುಕೊಂಡರು. 1962ರಲ್ಲಿ ಕಾಂಪ್ರೊಟೀನ್ ಎಂಬ ಪ್ರೋಗ್ರಾಂ ಬರೆದು ಕಂಪ್ಯೂಟರ್ ಸಮ್ಮೇಳನದಲ್ಲಿ ಮಂಡಿಸಿದರು. ಓಡಿದ್ದು ಐಬಿಎಂ 7090 ಯಂತ್ರದ ಮೇಲೆ. ಅದರ ಮೆಮೊರಿ 32,768 ಪದಗಳು, ಒಂದೊಂದು ಪದ 36 ಬಿಟ್. ಇಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ತುಣುಕುಗಳನ್ನು ಕೊಟ್ಟರೆ ಅವುಗಳಿಂದ ಆಗಬಹುದಾದ ಪೂರ್ತಿ ಸರವನ್ನು ಆ ಪ್ರೋಗ್ರಾಂ ಹೇಳುತ್ತಿತ್ತು. ಹಲವು ದಶಕಗಳ ನಂತರ ಮಾನವ ಜೀನೋಮನ್ನು ಜೋಡಿಸಿದ ಪ್ರೋಗ್ರಾಂಗಳು ಬಿಡಿಸಿದ ಒಗಟೂ ಇದೇ ಜಾತಿಯದು.

ಆದರೆ ಮಾರ್ಗರೆಟ್ ಅವರಿಗೆ ಒಂದು ಪ್ರೊಟೀನನ್ನು ಜೋಡಿಸಿದರೆ ತೃಪ್ತಿಯಿರಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಪ್ರಕಟಿಸುತ್ತಿದ್ದ ಅನುಕ್ರಮಗಳನ್ನೆಲ್ಲ ಒಂದೆಡೆ ತಂದು ಪಕ್ಕಪಕ್ಕ ಇಟ್ಟು ನೋಡಬೇಕು ಎಂಬುದು ಅವರ ಆಸೆ. 1965ರಲ್ಲಿ ರಿಚರ್ಡ್ ಎಕ್, ಮೇರಿ ಚಾಂಗ್, ಮಿನ್ನಿ ಸೊಚಾರ್ಡ್ ಅವರೊಡನೆ ಸೇರಿ ಒಂದು ಪುಸ್ತಕ ತಂದರು. ಹೆಸರು ಅಟ್ಲಾಸ್ ಆಫ್ ಪ್ರೊಟೀನ್ ಸೀಕ್ವೆನ್ಸ್ ಅಂಡ್ ಸ್ಟ್ರಕ್ಚರ್. ಅದರಲ್ಲಿದ್ದದ್ದು 65 ಪ್ರೊಟೀನುಗಳು. ಹೌದು, ಅಷ್ಟೇ. ಆಗ ಪ್ರಪಂಚಕ್ಕೆ ಗೊತ್ತಿದ್ದದ್ದೇ ಸರಿಸುಮಾರು ಅಷ್ಟು. ಇಂದಿನ ದತ್ತಾಂಶ ಕೋಶಗಳಲ್ಲಿ ಕೋಟಿಗಟ್ಟಲೆ ಇವೆ. (ಪ್ರೊಟೀನಿನ ಸರ ಹೇಗೆ ತಿರುಗಬಹುದು, ಹೇಗೆ ತಿರುಗಲಾರದು ಎಂಬ ಪ್ರಸಿದ್ಧ ನಕ್ಷೆಯನ್ನು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರಕಟಿಸಿದ್ದು ಇದಕ್ಕೆ ಎರಡು ವರ್ಷ ಮೊದಲು, 1963ರಲ್ಲಿ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೈವಿಕ ಭೌತಶಾಸ್ತ್ರದ ವಿಭಾಗ ಕಟ್ಟಿದರು. ಚೆನ್ನೈ ಮತ್ತು ಬೆಂಗಳೂರು ಎರಡೂ ಕಡೆಯ ಕನ್ನಡಿಗರು ಹೆಮ್ಮೆಪಡಬಹುದು.)

ಈಗ ಅಕ್ಷರಗಳ ಕಥೆ. ಅದುವರೆಗೆ ಅಮೈನೋ ಆಮ್ಲಗಳನ್ನು ಮೂರು ಮೂರು ಅಕ್ಷರಗಳಲ್ಲಿ ಬರೆಯುತ್ತಿದ್ದರು. ಒಂದು ಪಂಚ್ ಕಾರ್ಡಿನಲ್ಲಿ 80 ಕಾಲಂ. ಮೂರಕ್ಷರದಂತೆ ಬರೆದರೆ ಒಂದು ಕಾರ್ಡಿಗೆ 26 ಅಮೈನೋ ಆಮ್ಲ, ಒಂದಕ್ಷರದಂತೆ ಬರೆದರೆ 80. ಜಾಗ ಉಳಿಸಲು ಮಾರ್ಗರೆಟ್ ಒಂದಕ್ಷರದ ಸಂಕೇತ ರೂಪಿಸಿದರು. ಕೇಳಲು ಸುಲಭ, ಆದರೆ ಎ ಅಕ್ಷರದಿಂದ ಶುರುವಾಗುವ ಅಮೈನೋ ಆಮ್ಲಗಳೇ ನಾಲ್ಕಿವೆ. ಒಬ್ಬರಿಗೆ ಕೊಟ್ಟರೆ ಮೂವರು ಮುನಿಸಿಕೊಳ್ಳುತ್ತಾರೆ. ಸಿಸ್ಟೀನ್, ಸೆರೀನ್, ವ್ಯಾಲೀನ್ ಮುಂತಾದವಕ್ಕೆ ಪ್ರತಿಸ್ಪರ್ಧಿಗಳಿಲ್ಲ, ಅವಕ್ಕೆ ಅವುಗಳ ಮೊದಲಕ್ಷರವೇ. ಜಗಳವಿದ್ದ ಕಡೆ ಹೆಚ್ಚು ಬಳಕೆಯಲ್ಲಿರುವ ಸರಳ ಆಮ್ಲಕ್ಕೆ ಮೊದಲ ಹಕ್ಕು: ಅಲನೀನ್‌ಗೆ ಎ, ಲ್ಯೂಸೀನ್‌ಗೆ ಎಲ್. ಉಳಿದವಕ್ಕೆ ಉಚ್ಚಾರಣೆಯ ನೆಪ ಹುಡುಕಿದರು. ಫಿನೈಲ್ಅಲನೀನ್‌ನಲ್ಲಿ ಫಕಾರದ ಧ್ವನಿ ಇದೆಯಲ್ಲ, ಎಫ್ ಕೊಡೋಣ. ಅರ್ಜಿನೀನ್‌ನಲ್ಲಿ ಆರ್ ಕೇಳಿಸುತ್ತದೆ, ಆರ್ ಕೊಡೋಣ. ಟ್ರಿಪ್ಟೊಫಾನ್‌ಗೆ ಎರಡು ಉಂಗುರಗಳ ದಪ್ಪ ದೇಹ, ಅದಕ್ಕೆ ಇಂಗ್ಲಿಷಿನ ಅತಿ ಅಗಲದ ಅಕ್ಷರ ಡಬ್ಲ್ಯೂ. ಲೈಸೀನ್ ಪಾಪ, ಎಲ್ ಹೋಯಿತು, ವರ್ಣಮಾಲೆಯಲ್ಲಿ ಅದರ ಪಕ್ಕದ ಕೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ಅಜ್ಜಿಯ ಒಡವೆ ಹಂಚುವಾಗ ಬೇಕಾಗುವಂಥ ಜಾಣ್ಮೆ ಇದು. 1968ರಲ್ಲಿ ಅಂತಾರಾಷ್ಟ್ರೀಯ ರಸಾಯನ ಮತ್ತು ಜೀವರಸಾಯನ ಒಕ್ಕೂಟಗಳ ಆಯೋಗ ಒಂದಕ್ಷರದ ಸಂಕೇತಕ್ಕೆ ಮನ್ನಣೆ ಕೊಟ್ಟಿತು. ಇಂದು ಕೊರೊನಾ ವೈರಸ್ಸಿನ ರೂಪಾಂತರದ ಸುದ್ದಿಯಲ್ಲಿ ಎನ್ 501 ವೈ ಎಂದು ಬಂದಾಗ ನೀವು ಓದಿದ್ದು ಇದೇ ಅಕ್ಷರಗಳನ್ನು: 501ನೆಯ ಜಾಗದಲ್ಲಿದ್ದ ಆಸ್ಪರಜೀನ್ ಹೋಗಿ ಟೈರೋಸಿನ್ ಬಂತು ಎಂದರ್ಥ.

ಅಕ್ಷರಗಳು ಸಿಕ್ಕ ಮೇಲೆ ವಿನ್ಯಾಸಗಳು ಕಾಣತೊಡಗಿದವು. 1966ರಲ್ಲಿ ಎಕ್ ಮತ್ತು ಮಾರ್ಗರೆಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನ ನನಗೆ ಎಲ್ಲಕ್ಕಿಂತ ಇಷ್ಟ. ಅದು ಫೆರೆಡಾಕ್ಸಿನ್ ಎಂಬ ಪುಟ್ಟ ಪ್ರೊಟೀನಿನ ಬಗ್ಗೆ. ಆಮ್ಲಜನಕವಿಲ್ಲದ ಕಡೆ ಬದುಕುವ ಕ್ಲೊಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ಅದಕ್ಕೆ ಬರೀ 55 ಅಮೈನೋ ಆಮ್ಲ. ಎಲೆಕ್ಟ್ರಾನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಅದರ ಕೆಲಸ, ಅದಕ್ಕೆ ಕಬ್ಬಿಣವನ್ನು ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳುವ ಕೈಗಳು ಸಿಸ್ಟೀನುಗಳು, ಅಂದರೆ ಸಿ ಅಕ್ಷರಗಳು. 55ರಲ್ಲಿ ಎಂಟು ಸಿ. ಸಾಲನ್ನು ಎಡದಿಂದ ಓದುತ್ತ ಹೋದರೆ ಒಂದು ಸಿ, ಎರಡಕ್ಷರ ಬಿಟ್ಟು ಇನ್ನೊಂದು ಸಿ, ಮತ್ತೆ ಎರಡಕ್ಷರ ಬಿಟ್ಟು ಸಿ, ಮೂರಕ್ಷರ ಬಿಟ್ಟು ಸಿ, ಅದರ ಹಿಂದೆಯೇ ಒಂದು ಪಿ. ಸರಿ, ಮುಂದೆ ಹೋಗಿ. ದ್ವಿತೀಯಾರ್ಧದಲ್ಲಿ ಮತ್ತೆ ಸಿ, ಎರಡು ಬಿಟ್ಟು ಸಿ, ಎರಡು ಬಿಟ್ಟು ಸಿ, ಮೂರು ಬಿಟ್ಟು ಸಿ, ಆಮೇಲೆ ಪಿ. ಅದೇ ತಾಳ, ಅದೇ ಲೆಕ್ಕ. ನಡುವಿನ ಅಕ್ಷರಗಳು ಅಷ್ಟಿಷ್ಟು ಬದಲಾಗಿವೆ, ತಾಳ ಬದಲಾಗಿಲ್ಲ.

ಎಂದೋ ಒಂದು ಕಾಲದಲ್ಲಿ ಇದರ ಅರ್ಧದಷ್ಟಿದ್ದ ಪ್ರೊಟೀನಿನ ಜೀನ್ ಎರಡು ಸಲ ನಕಲಾಗಿ, ಎರಡೂ ಅಂಟಿಕೊಂಡು ಈಗಿನ ರೂಪ ಬಂದಿರಬೇಕು ಎಂದು ಅವರು ವಾದಿಸಿದರು. ಆ ಅರ್ಧವೂ ಇನ್ನೂ ಚಿಕ್ಕ ತುಣುಕುಗಳ ಪುನರಾವರ್ತನೆಯಿಂದ ಬಂದಿರಬಹುದು ಎಂದು ಮತ್ತಷ್ಟು ಹಿಂದಕ್ಕೆ ಹೋದರು. ಭೂಮಿಯ ಮೇಲೆ ಜೀವ ಹೇಗೆ ಶುರುವಾಯಿತು ಎಂಬ ಪ್ರಶ್ನೆ ಅವರನ್ನು ಸದಾ ಕಾಡುತ್ತಿತ್ತು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮುಂತಾದವರೊಡನೆ ಗ್ರಹಗಳ ವಾತಾವರಣದಲ್ಲಿ ಯಾವ ಅಣುಗಳು ಇರಲು ಸಾಧ್ಯ ಎಂಬುದನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು.

ಆ ಸಿ-ಸಿ-ಸಿ-ಸಿ-ಪಿ ತಾಳ ಇಂದು ಮೋಟಿಫ್ ಸಂಗ್ರಹಗಳಲ್ಲಿ ಒಂದು ದಾಖಲೆ. ನಾವು ಸಾಫ್ಟ್‌ವೇರ್‌ನವರು ದಿನವೂ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇನ್ನೊಂದು ಉದಾಹರಣೆ ಹೇಳುವುದಾದರೆ, ಎನ್, ಅದರ ಮುಂದೆ ಪಿ ಬಿಟ್ಟು ಯಾವುದಾದರೂ, ಅದರ ಮುಂದೆ ಎಸ್ ಅಥವಾ ಟಿ. ಪ್ರೊಟೀನಿಗೆ ಸಕ್ಕರೆಯ ಸರಪಳಿ ಅಂಟಿಕೊಳ್ಳಬಹುದಾದ ಜಾಗದ ಗುರುತು ಅದು. ಆದರೆ ಇಷ್ಟು ಚಿಕ್ಕ ಗುರುತು ಯಾವುದೇ ಉದ್ದನೆಯ ಸಾಲಿನಲ್ಲಿ ಸುಮ್ಮನೆ ಆಕಸ್ಮಿಕವಾಗಿಯೂ ಸಿಗುತ್ತದೆ. ಸಿಕ್ಕಿದ್ದೆಲ್ಲ ನಿಜವಲ್ಲ. ಇದರ ಬಗ್ಗೆ ಮಾರ್ಗರೆಟ್ ತುಂಬ ಕಟ್ಟುನಿಟ್ಟು. ಎರಡು ಪ್ರೊಟೀನುಗಳು ಹೋಲುತ್ತವೆ ಎಂದು ಕಂಡರೆ ಅವುಗಳ ಅಕ್ಷರಗಳನ್ನು ಇಸ್ಪೀಟೆಲೆಯಂತೆ ಕಲೆಸಿ ಮತ್ತೆ ಹೋಲಿಸುವುದು, ಹೀಗೆ ಹಲವು ಸಲ ಮಾಡುವುದು, ಕಲೆಸಿದವು ಕೂಡ ಅಷ್ಟೇ ಹೋಲಿದರೆ ಆ ಸಂಬಂಧವನ್ನು ಬಿಟ್ಟುಬಿಡುವುದು. ಅವರ ತಂಡದ ಪ್ರೋಗ್ರಾಂಗಳಲ್ಲಿ ಈ ಪರೀಕ್ಷೆ ಸೇರಿಕೊಂಡೇ ಇರುತ್ತಿತ್ತು. ಜಾತಕ ಹೊಂದಿಸುವವರಿಗೂ ಈ ಪದ್ಧತಿ ಹೇಳಿಕೊಡಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ!

ಮೂರನೆಯದು ಅಳತೆಗೋಲು. ಎರಡು ಸಾಲು ಹೋಲಿಸುವಾಗ ಎಷ್ಟು ಅಕ್ಷರ ಬೇರೆಯಾಗಿವೆ ಎಂದು ಎಣಿಸಿದರೆ ಸಾಲದು, ಯಾವ ಅಕ್ಷರ ಯಾವುದಾಗಿದೆ ಎಂಬುದು ಮುಖ್ಯ. ಕನ್ನಡದಲ್ಲಿ ಯಾರಾದರೂ ವಿಶೇಷ ಎಂಬುದನ್ನು ವಿಷೇಶ ಎಂದು ಬರೆದರೆ ನಮಗೆ ತೊಂದರೆಯಿಲ್ಲ, ಅದೇ ಪದ ಎಂದು ತಿಳಿಯುತ್ತದೆ. ವಿಮೇಷ ಎಂದು ಬರೆದರೆ ತಲೆ ಕೆರೆದುಕೊಳ್ಳುತ್ತೇವೆ. ಎರಡರಲ್ಲೂ ತಪ್ಪು ಇದೆ, ಆದರೆ ತೂಕ ಬೇರೆ. (ಮುಂಬೈ, ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳು ಹಳ್ಳಿಗೆ ಹೋಗೋಣ ಎನ್ನುವ ಬದಲು ಹಲ್ಲಿಗೆ ಹೋಗೋಣ ಎಂದಾಗ ಅಜ್ಜಿಯರು ನಕ್ಕರೂ ಅರ್ಥ ಮಾಡಿಕೊಳ್ಳುವುದಿಲ್ಲವೇ?) ಪ್ರೊಟೀನಿನಲ್ಲೂ ಹಾಗೆಯೇ. ಐಸೊಲ್ಯೂಸೀನ್ ಇದ್ದಲ್ಲಿ ವ್ಯಾಲೀನ್ ಬಂದರೆ ಬಹಳ ಸಲ ಕೆಲಸ ನಡೆಯುತ್ತದೆ, ಎರಡೂ ಒಂದೇ ಸ್ವಭಾವದವು. ಆದರೆ ಹಿಮೋಗ್ಲೋಬಿನ್ನಿನ ಬೀಟಾ ಸರದ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬಂದರೆ, 146 ಅಕ್ಷರಗಳಲ್ಲಿ ಬರೀ ಒಂದೇ ಅಕ್ಷರ, ಅದೇ ಕುಡಗೋಲು ಕಣದ ರಕ್ತಹೀನತೆ. ನಮ್ಮ ದೇಶದ ಎಷ್ಟೋ ಬುಡಕಟ್ಟು ಸಮುದಾಯಗಳಲ್ಲಿ ಇಂದಿಗೂ ಇರುವ ಕಾಯಿಲೆ.

ಈ ತೂಕವನ್ನು ಊಹೆಯಿಂದ ಹೇಳದೆ ಎಣಿಸಿ ಹೇಳಿದ್ದು ಮಾರ್ಗರೆಟ್ ತಂಡ. ಹತ್ತಿರದ ಸಂಬಂಧವಿರುವ 71 ಗುಂಪು ಪ್ರೊಟೀನುಗಳನ್ನು ತೆಗೆದುಕೊಂಡು, ವಂಶವೃಕ್ಷ ಬಿಡಿಸಿ, ಪ್ರಕೃತಿ ಒಪ್ಪಿಕೊಂಡು ಉಳಿಸಿಕೊಂಡ 1,572 ಬದಲಾವಣೆಗಳನ್ನು ಎಣಿಸಿದರು. ಯಾವ ಅಕ್ಷರ ಯಾವುದಾಗಿ ಎಷ್ಟು ಸಲ ಬದಲಾಗಿದೆ ಎಂಬ ಇಪ್ಪತ್ತರಿಪ್ಪತ್ತರ ಕೋಷ್ಟಕ ಹುಟ್ಟಿತು. ನೂರು ಅಕ್ಷರಕ್ಕೆ ಒಂದು ಬದಲಾವಣೆ ಆಗುವಷ್ಟು ದೂರವನ್ನು ಒಂದು ಪ್ಯಾಮ್ ಎಂದು ಕರೆದರು. ಕೋಷ್ಟಕವನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತ ಹೋದರೆ ಬಹು ದೂರದ ಸಂಬಂಧಿಗಳನ್ನು ಅಳೆಯುವ ಪ್ಯಾಮ್ 250 ಬರುತ್ತದೆ. 1978ರ ಅಟ್ಲಾಸ್ ಪುರವಣಿಯಲ್ಲಿ ಇದು ಅಚ್ಚಾಯಿತು. ಅದರಲ್ಲಿ ಟ್ರಿಪ್ಟೊಫಾನ್ ಬದಲಾಗದೆ ಉಳಿದರೆ 17 ಅಂಕ, ಸಿಸ್ಟೀನ್ ಉಳಿದರೆ 12, ಅಲನೀನ್ ಉಳಿದರೆ ಬರೀ 2. ಅಪರೂಪದವರು ಜಾಗ ಬಿಡದೆ ಕೂತಿದ್ದರೆ ಅದಕ್ಕೇನೋ ಕಾರಣವಿರಬೇಕು ಎಂಬ ಸರಳ ವಿವೇಕ ಈ ಅಂಕಿಗಳಲ್ಲಿದೆ.

ಇಷ್ಟೆಲ್ಲ ಮಾಡಿದವರಿಗೆ ಹಣದ ಕಷ್ಟ ಮಾತ್ರ ತಪ್ಪಲಿಲ್ಲ. ಪ್ರಯೋಗ ಮಾಡುವುದು ವಿಜ್ಞಾನ, ಇನ್ನೊಬ್ಬರ ಪ್ರಯೋಗದ ಫಲ ಸಂಗ್ರಹಿಸಿ ತಿದ್ದಿ ಜೋಡಿಸುವುದು ಗುಮಾಸ್ತಿಕೆ ಎಂಬ ಭಾವನೆ ಬಹಳ ಜನರಲ್ಲಿತ್ತು. ಅಟ್ಲಾಸ್ ಎಲ್ಲರ ಮೇಜಿನ ಮೇಲೂ ಬೇಕು, ಅದನ್ನು ಮಾಡುವ ಖರ್ಚು ಯಾರಿಗೂ ಬೇಡ. ಮನೆಯ ಅಡುಗೆಯನ್ನು ಉಂಡು ಕೆಲಸವೆಂದು ಲೆಕ್ಕ ಹಿಡಿಯದವರ ಹಾಗೆ. ಮಾರ್ಗರೆಟ್ ಪುಸ್ತಕವನ್ನೂ, ಆಮೇಲೆ ಮ್ಯಾಗ್ನೆಟಿಕ್ ಟೇಪುಗಳನ್ನೂ ಮಾರಿ ಖರ್ಚು ತೂಗಿಸಿದರು. ಕೊಂಡವರು ಅದನ್ನು ಇತರರಿಗೆ ಹಂಚುವಂತಿರಲಿಲ್ಲ. ಇದೇ ಮುಂದೆ ಮುಳ್ಳಾಯಿತು. ನಾವು ಕಷ್ಟಪಟ್ಟು ಕಂಡುಹಿಡಿದ ಅನುಕ್ರಮಗಳನ್ನು ನಮ್ಮಿಂದಲೇ ಪಡೆದು ನಮಗೇ ಮಾರುತ್ತಾರಲ್ಲ ಎಂದು ಪ್ರಯೋಗಾಲಯದವರು ಗೊಣಗಿದರು.

1980ರಲ್ಲಿ ಅವರ ತಂಡ ಡಿಎನ್ಎ ಅನುಕ್ರಮಗಳ ಕೋಶವನ್ನು ದೂರವಾಣಿ ತಂತಿಯ ಮೂಲಕ ಯಾರು ಬೇಕಾದರೂ ಸಂಪರ್ಕಿಸುವಂತೆ ಮಾಡಿತು. ಇಂಟರ್ನೆಟ್ ಇನ್ನೂ ಜನರ ಮನೆಗೆ ಬರದ ಕಾಲ ಅದು. ಅಮೆರಿಕ ಸರ್ಕಾರ ಒಂದು ರಾಷ್ಟ್ರೀಯ ಡಿಎನ್ಎ ಕೋಶ ಸ್ಥಾಪಿಸಲು ಹೊರಟಾಗ ಆ ಗುತ್ತಿಗೆ ತಮಗೇ ಸಿಗುವುದೆಂದು ಅವರು ನಂಬಿದ್ದರೆ ಆಶ್ಚರ್ಯವಿಲ್ಲ. 1982ರಲ್ಲಿ ಅದು ಹೋದದ್ದು ಲಾಸ್ ಅಲಮೋಸ್ ಪ್ರಯೋಗಾಲಯ ಮತ್ತು ಬಿಬಿಎನ್ ಕಂಪನಿಯ ಜೋಡಿಗೆ. ಅದೇ ಜೀನ್‌ಬ್ಯಾಂಕ್. ಎಲ್ಲರಿಗೂ ಮುಕ್ತವಾಗಿ ಹಂಚುತ್ತೇವೆ ಎಂಬುದು ಅವರ ಬಲ. ಓಪನ್ ಸೋರ್ಸ್‌ನಿಂದಲೇ ಅನ್ನ ತಿನ್ನುವ ನನಗೆ ಆ ನಿರ್ಧಾರ ತಪ್ಪೆನ್ನಿಸುವುದಿಲ್ಲ. ಆದರೆ ಹದಿನೇಳು ವರ್ಷ ಒಬ್ಬ ಹೆಂಗಸಿಗೆ ಸ್ಥಿರವಾದ ನೆರವು ಕೊಡದೆ, ಮಾರಿ ಬದುಕುವ ಸ್ಥಿತಿಗೆ ತಂದು, ಆಮೇಲೆ ನೀವು ಮಾರುತ್ತೀರಿ ಎಂದು ಪಕ್ಕಕ್ಕಿಟ್ಟದ್ದು ನ್ಯಾಯವೆಂದೂ ಅನ್ನಿಸುವುದಿಲ್ಲ.

ಸಂಗ್ರಹಿಸುವುದು ವಿಜ್ಞಾನವೇ ಅಲ್ಲ ಎಂದವರಿಗೆ ಉತ್ತರವೂ ಅದೇ 1982ರಲ್ಲಿ ಬಂತು. ವಿನೋನಾ ಬಾರ್ಕರ್ ಮತ್ತು ಮಾರ್ಗರೆಟ್ ತಮ್ಮ ಕೋಶದಲ್ಲಿ ಹುಡುಕುತ್ತ ಕೋಳಿಗಳಲ್ಲಿ ಗಡ್ಡೆ ತರುವ ವೈರಸ್ಸಿನ ಸಾರ್ಕ್ ಎಂಬ ಪ್ರೊಟೀನಿಗೂ, ಸಸ್ತನಿಗಳ ಜೀವಕೋಶದಲ್ಲಿ ನಿತ್ಯದ ಕೆಲಸ ಮಾಡುವ ಕೈನೇಸ್ ಪ್ರೊಟೀನಿಗೂ ನೆಂಟಸ್ತಿಕೆ ಇದೆಯೆಂದು ತೋರಿಸಿದರು. ಟೆಸ್ಟ್ ಟ್ಯೂಬ್ ಮುಟ್ಟಲಿಲ್ಲ, ಅಕ್ಷರ ಹೋಲಿಸಿದರು, ಅಷ್ಟೇ. ಕ್ಯಾನ್ಸರ್ ತರುವ ಜೀನು ನಮ್ಮದೇ ದೇಹದ ಸಾಮಾನ್ಯ ಕೆಲಸಗಾರರ ಬಂಧು ಎಂಬ ತಿಳಿವಳಿಕೆಗೆ ಇಂಥ ಹೋಲಿಕೆಗಳು ಬಹಳ ಬಲ ಕೊಟ್ಟವು. ಇಂದು ಕ್ಯಾನ್ಸರಿಗೆ ಕೊಡುವ ಎಷ್ಟೋ ಮಾತ್ರೆಗಳು ಈ ಕೈನೇಸ್ ಕುಟುಂಬವನ್ನು ತಡೆಯುವಂಥವೇ.

ಈ ನಡುವೆ ಅಮೆರಿಕದ ಬಯೋಫಿಸಿಕಲ್ ಸೊಸೈಟಿಯಲ್ಲಿ ಪದಾಧಿಕಾರಿಯಾದ ಮೊದಲ ಮಹಿಳೆ ಅವರಾದರು. ಎಪ್ಪತ್ತರ ದಶಕದ ಬಹುಪಾಲು ಕಾರ್ಯದರ್ಶಿ, 1980ರಲ್ಲಿ ಅಧ್ಯಕ್ಷೆ. ಸಂಘದ ಕೆಲಸ ಅಂದರೇನೆಂದು ನಮಗೆ ಗೊತ್ತಲ್ಲ, ಅಷ್ಟು ವರ್ಷ ಕಾರ್ಯದರ್ಶಿಯಾಗಿ ತಾಳಿಕೊಂಡದ್ದೇ ಒಂದು ಸಾಧನೆ.

1983ರ ಫೆಬ್ರುವರಿ 5ರಂದು ಹೃದಯಾಘಾತದಿಂದ ತೀರಿಕೊಂಡರು. ಐವತ್ತೆಂಟು ಇನ್ನೂ ತುಂಬಿರಲಿಲ್ಲ. ಹಿರಿಯ ಮಗಳು ರೂತ್ ವೈದ್ಯೆಯಾಗಿ ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆಯ ಕೆಲಸ ಹಿಡಿದರು, ಜೂಡಿತ್ ಗಣಿತ ಮತ್ತು ಜೀವಭೌತಶಾಸ್ತ್ರಕ್ಕೆ ಹೋದರು. ಬಯೋಫಿಸಿಕಲ್ ಸೊಸೈಟಿ ಅವರ ಹೆಸರಿನಲ್ಲಿ ವೃತ್ತಿಯ ಆರಂಭದಲ್ಲಿರುವ ಮಹಿಳಾ ವಿಜ್ಞಾನಿಗಳಿಗೆ ಒಂದು ಪ್ರಶಸ್ತಿ ಇಟ್ಟಿದೆ.

ಅಟ್ಲಾಸ್ 1984ರಲ್ಲಿ ಪ್ರೊಟೀನ್ ಇನ್ಫರ್ಮೇಶನ್ ರಿಸೋರ್ಸ್ ಎಂಬ ಕೋಶವಾಗಿ ಮುಂದುವರಿಯಿತು. 2002ರಲ್ಲಿ ಅದು ಯುರೋಪಿನ ಸ್ವಿಸ್-ಪ್ರೊಟ್ ಮುಂತಾದವರ ಜೊತೆ ಕೈಜೋಡಿಸಿ ಯೂನಿಪ್ರೊಟ್ ಆಯಿತು. ಅದು ಪೂರ್ತಿ ಉಚಿತ, ಯಾರು ಬೇಕಾದರೂ ನೋಡಬಹುದು. ಬಿಡುವಿದ್ದಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿ ಕ್ಲೊಸ್ಟ್ರಿಡಿಯಂ ಪಾಸ್ಚುರಿಯಾನಂ ಬ್ಯಾಕ್ಟೀರಿಯಾದ ಫೆರೆಡಾಕ್ಸಿನ್ ಹುಡುಕಿ ನೋಡಿ. ಸಾಲು ಒಂದೇ ಗೆರೆಯಲ್ಲಿ ಮುಗಿಯುವಷ್ಟು ಚಿಕ್ಕದು. ಸಿ ಅಕ್ಷರಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ ನಡುವಿನ ಅಕ್ಷರಗಳನ್ನು ಎಣಿಸಲು ಹೇಳಿ: ಎರಡು, ಎರಡು, ಮೂರು, ಪಿ. ಆಮೇಲೆ ಮತ್ತೆ ಎರಡು, ಎರಡು, ಮೂರು, ಪಿ.